ಲಿಂಕ್ ಹಾಕಿದ್ರೆ ಬಾಗಿಲು ತೆಗೆದಂಗಲ್ಲ

1/6
ಈ ಸಲ ಬೈತಿರೋದು ಬೇರೆಯವರನ್ನಲ್ಲ, ನಮ್ಮನ್ನೇ.

ಹೋದ ತಿಂಗಳು ಪೀಣ್ಯ 2ನೇ ಹಂತದಲ್ಲಿ ನಮ್ಮ ಯುವ ಬಳಗದಿಂದ ಕೆಲಸ, ಕೋರ್ಸು, ಸ್ಕಾಲರ್‌ಶಿಪ್ ಬಗ್ಗೆ ಶಿಬಿರ ಮಾಡಿದ್ವಿ. ಚೆಂದದ ಪೋಸ್ಟರ್, ಅದರಲ್ಲೊಂದು ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದ್ರೆ ಇಂಗ್ಲಿಷ್ ಫಾರ್ಮ್. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಎಲ್ಲರಿಗೂ ಸ್ವಾಗತ’.

ಬಂದವರು ಯಾರು? ನಮ್ಮ ಕ್ಲಾಸ್‌ಮೇಟ್ಸು, ಅವರ ಫ್ರೆಂಡ್ಸು. ಹಿಂದಿನ ರಸ್ತೆಯ ಗಾರ್ಮೆಂಟ್ಸಿಂದ ಒಬ್ಬರೂ ಇಲ್ಲ.

ರಾತ್ರಿ ಗ್ರೂಪಲ್ಲಿ ಒಂದು ಮೆಸೇಜ್: “ಅವರಿಗೆ ಇಂಟರೆಸ್ಟ್ ಇಲ್ಲ ಬಿಡು ಮಗಾ.” ಅದಕ್ಕೆ 12 ಲೈಕು. ಒಂದು ನಂದೇ.

2/6
ನಮ್ಮ ವಠಾರದಲ್ಲಿ ಗಾರ್ಮೆಂಟ್ಸಿಗೆ ಹೋಗೋ ಅಕ್ಕ ಒಬ್ರಿದ್ದಾರೆ. ಪಿಯುಸಿ ಪಾಸು, ಮುಂದೆ ಓದೋ ಆಸೆ. ಯಾಕಕ್ಕ ಬರಲಿಲ್ಲ ಅಂದೆ.

“ಶನಿವಾರ ಮಧ್ಯಾಹ್ನ ಇಟ್ಟಿದ್ರಲ್ಲೋ, ನಮಗೆ ರಜ ಭಾನುವಾರ ಒಂದೇ. ಫೋನು ಗೇಟಲ್ಲೇ ಇಸ್ಕೋತಾರೆ. ಮನೆಗೆ ಬಂದ್ರೆ ಅದು ತಮ್ಮನ ಕೈಲಿರುತ್ತೆ. ಆ ಚೌಕಾನ ಯಾವಾಗ ಸ್ಕ್ಯಾನ್ ಮಾಡ್ಲಿ ಹೇಳು?”

ಹೇಳೋಕೆ ನನ್ನತ್ರ ಏನೂ ಇರಲಿಲ್ಲ.

5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದಾಗ (2019-20), ಒಮ್ಮೆಯಾದ್ರೂ ಇಂಟರ್ನೆಟ್ ಬಳಸಿದ ಹೆಂಗಸರು 100ಕ್ಕೆ 35, ಗಂಡಸರು 62. ಅಲ್ಲಿಂದೀಚೆಗೆ ಫೋನು ಜಾಸ್ತಿಯಾಗಿದೆ, ಒಪ್ತೀನಿ. ಆದ್ರೆ ಮನೇಲಿ ಫೋನಿರೋದು ಬೇರೆ, ತನ್ನ ಕೈಲಿರೋದು ಬೇರೆ.

3/6
ಇನ್ನೊಂದು ಇದಕ್ಕಿಂತ ನಾಚಿಕೆ.

ನಮ್ಮ ಬಳಗದಲ್ಲೇ ಇರೋ ಹುಡುಗ, ಕಣ್ಣು ಕಾಣಲ್ಲ. ಫೋನಲ್ಲಿ ಟಾಕ್‌ಬ್ಯಾಕ್ ಹಾಕ್ಕೊಂಡು ನಮಗಿಂತ ಫಾಸ್ಟಾಗಿ ಮೆಸೇಜ್ ಮಾಡ್ತಾನೆ. ನಮ್ಮ ಪೋಸ್ಟರ್ ತೆರೆದಾಗ ಅವನ ಫೋನ್ ಹೇಳಿದ್ದು ಒಂದೇ ಪದ: “ಚಿತ್ರ”. ತಾರೀಕು, ಜಾಗ, ನಂಬರ್ ಎಲ್ಲಾನೂ ಫೋಟೋ ಒಳಗೇ ಕೂರಿಸಿದ್ವಿ. ಕ್ಯಾಪ್ಶನ್‌ನಲ್ಲಿ ಮಾತ್ರ ಮೂರು ಬೆಂಕಿ ಎಮೋಜಿ.

ನೀವು ಈಗ ನೋಡ್ತಿರೋ ಈ ಆ್ಯಪ್‌ನಲ್ಲೇ ಫೋಟೋಗೆ ವಿವರಣೆ ಬರೆಯೋ ‘ಆಲ್ಟ್ ಟೆಕ್ಸ್ಟ್’ ಸೌಲಭ್ಯ 2018ರ ನವೆಂಬರ್‌ನಿಂದ ಇದೆ. ಅರ್ಧ ನಿಮಿಷದ ಕೆಲಸ. ಫಿಲ್ಟರ್ ಆರಿಸೋಕೆ ನಮಗೆ ಹತ್ತು ನಿಮಿಷ ಇರುತ್ತೆ, ಇದಕ್ಕೆ ಇರಲ್ಲ.

4/6
“ನಾವೇನು ಕಂಪನಿನಾ? ವಾಲಂಟಿಯರ್ಸ್ ತಾನೇ, ಇಷ್ಟೆಲ್ಲ ಯಾರು ಮಾಡ್ತಾರೆ?” ಅಂತೀರಾ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿದ್ರೆ ಮಾತ್ರ ಮುಗಿಯೋ ಕೆವೈಸಿಯಿಂದ ಆ್ಯಸಿಡ್ ದಾಳಿಗೆ ತುತ್ತಾದವರು, ಕಣ್ಣು ಕಾಣದವರು ಹೊರಗುಳಿದಿದ್ರು. ಕೋರ್ಟ್ ಹೇಳಿದ್ದು: ಡಿಜಿಟಲ್ ಸೇವೆ ಕೈಗೆಟುಕೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. ಅಂದ್ರೆ ಇದು ಉಪಕಾರ ಅಲ್ಲ, ಹಕ್ಕು.

ಆ ತೀರ್ಪಿನ ಆದೇಶ ನಮ್ಮ ಬಳಗಕ್ಕಲ್ಲ, ನಿಜ. ಆದ್ರೆ ಬುದ್ಧಿ ನಮಗೂ ಬೇಕಲ್ವಾ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಆಫೀಸುಗಳಲ್ಲಿ ಇದನ್ನೆಲ್ಲ ಟೆಸ್ಟ್ ಮಾಡೋದೇ ಒಂದು ಕೆಲಸ. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಈಗ ಆರ್‌ವಿ ರೋಡಲ್ಲಿ ಒಂದು ಸಲ ಮೆಟ್ರೋ ಬದಲಾಯಿಸಿದ್ರೆ ಆಯ್ತು. ಅಲ್ಲಿನ ವಿದ್ಯೆ ಮಾತ್ರ ಇಲ್ಲೀತನಕ ಬಂದಿಲ್ಲ.

5/6
ಹಂಗಂತ ಫೋನ್ ಬಿಸಾಕಿ ಪಾಂಪ್ಲೆಟ್ ಹಂಚೋಣ ಅಂತಿಲ್ಲ. ರಾತ್ರಿ ಗೇಟ್ ಹಾಕೋ ಹಾಸ್ಟೆಲ್‌ನಲ್ಲಿರೋ ಹುಡುಗಿಗೆ ಫೋನೇ ಹೊರಗಿನ ದಾರಿ. ಪ್ರಶ್ನೆ ಇರೋದು ಯಾವ ಥರದ ಡಿಜಿಟಲ್ ಅನ್ನೋದು.

ನಮ್ಮ ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ಅಂಗವಿಕಲರಿಗಾಗಿ ‘ನಮ್ಮ ವಾಣಿ’ ಅಂತ ಕಟ್ಟಿತು. ಒಂದು ಮಿಸ್ಡ್ ಕಾಲ್ ಕೊಡಿ, ಅಲ್ಲಿಂದ ವಾಪಸ್ ಕರೆ ಬರುತ್ತೆ. ಕನ್ನಡದಲ್ಲಿ ಕೇಳಿ, ನಂಬರ್ ಒತ್ತಿ, ನಿಮ್ಮ ಮಾತೂ ರೆಕಾರ್ಡ್ ಮಾಡಿ. ಡೇಟಾ ಬೇಡ, ಸ್ಮಾರ್ಟ್‌ಫೋನ್ ಬೇಡ, ಓದೋಕೆ ಬರಲೇಬೇಕು ಅಂತಿಲ್ಲ. ಅವರು ಮೊದಲು ನೋಡಿದ್ದು ಮನುಷ್ಯನ್ನ, ಆಮೇಲೆ ಫೋನನ್ನ. ನಾವು ಮೊದಲು ಟೆಂಪ್ಲೇಟ್ ನೋಡ್ತೀವಿ.

6/6
ಮುಂದಿನ ಶಿಬಿರಕ್ಕೆ ಮುಂಚೆ ಬಳಗದ ಮುಂದೆ ನಾನು ಇಡೋದು ಇಷ್ಟೇ:

▪️ ದಿನ ಭಾನುವಾರ.
▪️ ಪೋಸ್ಟರ್‌ನಲ್ಲಿರೋದೆಲ್ಲ ಕ್ಯಾಪ್ಶನ್‌ನಲ್ಲೂ ಕನ್ನಡದಲ್ಲಿ. ಆಲ್ಟ್ ಟೆಕ್ಸ್ಟ್ ಇಲ್ದೆ ಪೋಸ್ಟ್ ಇಲ್ಲ. ವಿಡಿಯೋಗೆ ಸಬ್‌ಟೈಟಲ್, ಕಿವಿ ಕೇಳದವರೂ ನಮ್ಮವರೇ.
▪️ ಫಾರ್ಮ್ ಪಕ್ಕದಲ್ಲೇ ಒಂದು ಮಿಸ್ಡ್ ಕಾಲ್ ನಂಬರ್. ವಾಪಸ್ ಕರೆ ಮಾಡಿ ಹೆಸರು ಬರ್ಕೊಳ್ಳೋದು ನಮ್ಮ ಕೆಲಸ.
▪️ ವಾಟ್ಸಾಪಲ್ಲಿ ಕಳಿಸೋಕೆ ಒಂದು ನಿಮಿಷದ ವಾಯ್ಸ್ ನೋಟ್. ಕನ್ನಡದಲ್ಲೊಂದು, ಹೊರರಾಜ್ಯದಿಂದ ಬಂದವರಿಗೆ ಹಿಂದಿಯಲ್ಲೊಂದು.
▪️ ಶಿಬಿರ ಮುಗಿದ ಮೇಲೆ ಗ್ರೂಪ್ ಫೋಟೋಗೆ ಮುಂಚೆ ಒಂದು ಲೆಕ್ಕ: ಯಾರು ಬರಲಿಲ್ಲ, ಯಾಕೆ? ಅವರನ್ನೇ ಕೇಳಬೇಕು.

ಮೊದಲನೇ ತಿಂಗಳು ಆ ನಂಬರ್ ನನ್ನತ್ರ ಇರಲಿ. ಆ 12ರಲ್ಲಿ ಒಂದು ಲೈಕ್ ಒತ್ತಿದ ತಪ್ಪಿಗೆ.

ಎರಡನೇ ತಿಂಗಳು ಯಾರು ತಗೋತೀರಾ? ಲೈಕ್ ಬೇಡ, ಕಾಮೆಂಟಲ್ಲಿ ಹೆಸರು ಹಾಕಿ.

#ಪೀಣ್ಯ #ಯುವಬಳಗ #ಎಲ್ಲರಿಗೂಅಂದ್ರೆಎಲ್ಲರಿಗೂ