ಏಲಿಯನ್ಸ್: ಕತ್ತರಿಗೆ ಸಿಕ್ಕ ಮಗಳು (ಭಾಗ 7)

1986ರ ‘ಏಲಿಯನ್ಸ್’ ಥಿಯೇಟರಲ್ಲಿ 137 ನಿಮಿಷ. ಜೇಮ್ಸ್ ಕ್ಯಾಮರಾನ್ ಆಮೇಲೆ ಹೋಮ್ ವಿಡಿಯೋಗೆ ಕೊಟ್ಟ ಸ್ಪೆಷಲ್ ಎಡಿಷನ್ 154.

ಮೊದಲ ಸಲ ನೋಡೋರು ಚಿಕ್ಕದನ್ನೇ ನೋಡಿ. ಉದ್ದದ್ದು ಕಾಲೊನಿಯನ್ನ ಮೊದಲೇ ತೋರಿಸಿಬಿಡುತ್ತೆ, ಸೈನಿಕರ ಹಿಂದೆ ಆ ಖಾಲಿ ಕಾರಿಡಾರಿಗೆ ಕಾಲಿಡುವಾಗಿನ ಭಯ ಅರ್ಧ ಹೋಯ್ತು!

ಆದ್ರೆ ಒಂದು ಸೀನ್ ಕಿತ್ತಿದ್ದು ಮಾತ್ರ ಅನ್ಯಾಯ. 57 ವರ್ಷ ಬಾಹ್ಯಾಕಾಶದಲ್ಲಿ ನಿದ್ದೆಯಲ್ಲಿದ್ದ ರಿಪ್ಲಿ ಎದ್ದಾಗ, ಮಗಳು ಅಮಾಂಡಾ 66ನೇ ವಯಸ್ಸಲ್ಲಿ ತೀರಿಹೋಗಿದ್ದಾಳೆ. ಹನ್ನೊಂದನೇ ಹುಟ್ಟುಹಬ್ಬಕ್ಕೆ ಬರ್ತೀನಿ ಅಂತ ಮಾತು ಕೊಟ್ಟಿದ್ದಳು ಅಮ್ಮ. ಕೈಗೆ ಸಿಗೋದು ಒಬ್ಬ ಮುದುಕಿಯ ಫೋಟೊ. (ಅದು ನಟಿ ಸಿಗೋರ್ನಿ ವೀವರ್ ಅವರ ಸ್ವಂತ ಅಮ್ಮನದು.)

ಮುಂದೆ ಪುಟ್ಟ ನ್ಯೂಟ್‌ಗೂ ರಿಪ್ಲಿ ಮಾತು ಕೊಡ್ತಾಳೆ, ಬಿಟ್ಟು ಹೋಗಲ್ಲ ಅಂತ. ಏಲಿಯನ್ ರಾಣಿಯ ಗೂಡಿಗೆ ಒಬ್ಬಳೇ ಯಾಕೆ ಇಳಿದಳು, ಈಗ ಗೊತ್ತಾಯ್ತಲ್ಲ?

ಒಪ್ಪದವರು ನಾಳೆ ಕ್ಯಾಂಟೀನಲ್ಲಿ ಸಿಗಿ.