ನೆಟ್ಟಣದಿಂದ ಸಕಲೇಶಪುರಕ್ಕೆ ಒಂದು ಹಗಲು ರೈಲು ಬೇಕು

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸುಳ್ಯ, ಪುತ್ತೂರು ಕಡೆಯ ಮನೆಗಳಲ್ಲಿ ಫಾರಿನ್ ಟೂರಿನ ಮಾತು ಏಳುತ್ತದೆ. ಸ್ವಿಟ್ಜರ್ಲೆಂಡ್ ಎಂದೊಡನೆ ನೆನಪಾಗುವುದು ಬೆಟ್ಟದ ರೈಲು. ಅಲ್ಲಿನ ಕೂರ್ ಪಟ್ಟಣದಿಂದ ಇಟಲಿಯ ಟಿರಾನೊವರೆಗೆ ಓಡುವ ಬರ್ನಿನಾ ಎಕ್ಸ್‌ಪ್ರೆಸ್ ಸುಮಾರು ನಾಲ್ಕು ಗಂಟೆಯಲ್ಲಿ 55 ಸುರಂಗ, 196 ಸೇತುವೆಗಳನ್ನು ದಾಟುತ್ತದೆ. 2,253 ಮೀಟರ್ ಎತ್ತರಕ್ಕೆ ಏರಿ ಇಳಿಯುತ್ತದೆ. ಬ್ರೂಸಿಯೊ ಎಂಬಲ್ಲಿ ಇಳಿಜಾರು ತಗ್ಗಿಸಲೆಂದು ಹಳಿ ಒಂದು ಪೂರ್ತಿ ಸುತ್ತು ಹಾಕಿ, ತನ್ನದೇ ಸೇತುವೆಯ ಕಮಾನಿನಡಿ ನುಸುಳುತ್ತದೆ. ಸಾಧ್ಯವಿದ್ದವರು ಖಂಡಿತ ನೋಡಬೇಕಾದ ಮಾರ್ಗ.

ಆದರೆ ಸುಳ್ಯ ತಾಲೂಕಿನ ಐವರ್ನಾಡಿನಿಂದ ಬೆಳ್ಳಾರೆ, ಪಂಜದ ದಾರಿ ಹಿಡಿದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹೋದರೆ, ಅಲ್ಲಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲೇ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು. ಈ ಏರಿಗೆ ಒಂದು ಇಂಜಿನ್ ಸಾಲದೆ, ಹಿಂದಿನಿಂದ ದೂಡಲು ಬ್ಯಾಂಕರ್ ಇಂಜಿನ್ ಜೋಡಿಸುತ್ತಾರೆ. ಶಿರಿಬಾಗಿಲು ಕಳೆದು ಎಡಕುಮೇರಿ ಬರುವಾಗ ಸುತ್ತ ಕಾಡು ಬಿಟ್ಟರೆ ಬೇರೇನಿಲ್ಲ. ಎದುರು ಗಾಡಿಯ ಕ್ರಾಸಿಂಗ್‌ಗೆ ರೈಲು ಇಲ್ಲಿ ನಿಂತಾಗ ಇಂಜಿನ್ನಿನ ಏದುಸಿರಿನ ಜೊತೆಗೆ ಜೀರುಂಡೆಯ ಕೂಗು ಕೇಳುತ್ತದೆ. ಮತ್ತೆ ಹೊರಟರೆ ಸುರಂಗದ ಕತ್ತಲು, ಬಂಡೆಯಿಂದ ಸೋರುವ ನೀರು, ಬೋಗಿ ತುಂಬ ಮಕ್ಕಳ ಕೂಗಾಟ. ಕತ್ತಲು ಕಳೆಯಿತೆನ್ನುವಾಗ ಸೇತುವೆ, ಕೆಳಗೆ ಕಣಿವೆ.

ಈ ಘಾಟಿಯನ್ನು ಹಾದುಹೋಗುವ, 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಹಾಸನ–ಮಂಗಳೂರು ಮಾರ್ಗ, ಬ್ರಾಡ್‌ಗೇಜ್ ಪರಿವರ್ತನೆಗೆಂದು 1996ರಲ್ಲಿ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಘಾಟಿ ಹತ್ತಿದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈಯಲ್ಲಿ ಹಗಲು ರೈಲುಗಳಿಗೆ ವಿಸ್ಟಾಡೋಮ್ ಬೋಗಿಗಳು ಬಂದವು: ಗಾಜಿನ ಮಾಡು, ತಿರುಗುವ ಸೀಟು, ಬೋಗಿಗೆ 44 ಜನ. ಒಳ್ಳೆಯ ಕೆಲಸವೇ. ಆದರೆ ಆ ರೈಲುಗಳ ಸಮಯ ಹೊಂದಿಸಿದ್ದು ಬೆಂಗಳೂರು ಮತ್ತು ಕರಾವಳಿಯ ನಡುವೆ ದೂರ ಹೋಗುವವರಿಗೆ. ಕಡಬದ ಕುಟುಂಬವೊಂದು ಬೆಳಗ್ಗೆ ಘಾಟಿ ಹತ್ತಿ, ಸಕಲೇಶಪುರದಲ್ಲಿ ಊಟ ಮಾಡಿ, ಸಂಜೆಯ ಬೆಳಕಿರುವಾಗಲೇ ಇಳಿದು ಬರುವಂತಿಲ್ಲ. ಬಾಕಿ ರೈಲುಗಳಲ್ಲಿ ಹೆಚ್ಚಿನವು ಈ ಕಾಡನ್ನು ದಾಟುವುದು ರಾತ್ರಿ, ಪ್ರಯಾಣಿಕರು ಮಲಗಿರುವಾಗ.

ಬರ್ನಿನಾದಿಂದ ಕಲಿಯಬೇಕಾದ್ದು ಇಲ್ಲೇ ಇದೆ. ಅಲ್ಲಿ ಪ್ರವಾಸಿಗರ ಗಾಜಿನ ರೈಲು ಓಡುವ ಅದೇ ಹಳಿಯ ಮೇಲೆ ಗಂಟೆಗೊಂದರಂತೆ ಸಾಮಾನ್ಯ ರೈಲುಗಳೂ ಓಡುತ್ತವೆ. ಶಾಲೆಗೆ, ಪೇಟೆಗೆ ಹೋಗುವವರು ಹತ್ತುವುದು ಅವನ್ನೇ. ಸೀಟು ಕಾದಿರಿಸುವ ಹೆಚ್ಚುವರಿ ದುಡ್ಡು ತೆರದೆ ಅದೇ ಬೆಟ್ಟಗಳನ್ನು ನೋಡಬಹುದು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೂ ಆ ಹಳಿ ಊರವರ ಕೈ ಬಿಟ್ಟುಹೋಗಿಲ್ಲ.

ನಮ್ಮಲ್ಲೂ ಅರ್ಧ ದಾರಿ ಆಗಿದೆ. 2025ರ ಏಪ್ರಿಲ್‌ನಲ್ಲಿ ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರ್ ಸುಬ್ರಹ್ಮಣ್ಯ ರೋಡ್‌ವರೆಗೆ ಬಂತು. ಅದನ್ನೇ ಶನಿವಾರ, ಭಾನುವಾರವಾದರೂ ಸಕಲೇಶಪುರಕ್ಕೆ ಮುಂದುವರಿಸಬೇಕು. ಒಂಟಿ ಹಳಿ, ಗೂಡ್ಸ್ ಗಾಡಿಗಳ ಒತ್ತಡ ಎಂಬ ಉತ್ತರ ಬರುತ್ತದೆ, ಅದು ಸುಳ್ಳಲ್ಲ. ಗುಡ್ಡ ಜರಿಯುವ ಭಯವೂ ನಿಜ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಕುಸಿದು ಸಂಚಾರ ದಿನಗಟ್ಟಲೆ ನಿಂತಿತ್ತು. ಹಾಗಾಗಿ ಮಳೆಗಾಲದಲ್ಲಿ ಬೇಡ. ನವೆಂಬರಿನಿಂದ ಮೇವರೆಗೆ ಓಡಲಿ, ಸಾಮಾನ್ಯ ದರ್ಜೆಯ ಬೋಗಿಗಳಿರಲಿ.

ವಿದ್ಯುದೀಕರಣದ ಕೆಲಸಕ್ಕಾಗಿ 2025ರ ಜೂನ್‌ನಿಂದ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿದಾಗ ಈ ಭಾಗದ ಜನ ಸಹಿಸಿಕೊಂಡರು. ವಿದ್ಯುತ್ ಇಂಜಿನ್ ಎಳೆಯುವ ರೈಲಿನಲ್ಲಿ ಸುರಂಗದ ಡೀಸೆಲ್ ಹೊಗೆಯ ಕಾಟವೂ ಇರುವುದಿಲ್ಲ. ಘಾಟಿಯ ಹೊಸ ವೇಳಾಪಟ್ಟಿ ಬರೆಯುವಾಗ ನೆಟ್ಟಣದಿಂದ ಬೆಳಗ್ಗೆ ಒಂದು, ಸಕಲೇಶಪುರದಿಂದ ಮಧ್ಯಾಹ್ನ ಒಂದು ಗಾಡಿಗೆ ಜಾಗ ಮಾಡಿಕೊಡಬೇಕೆಂದು ಸುಳ್ಯ, ಕಡಬ, ಪುತ್ತೂರಿನ ಗ್ರಾಮ ಪಂಚಾಯತ್‌ಗಳು ಈಗಲೇ ನಿರ್ಣಯ ಮಾಡಿ ರೈಲ್ವೆಯ ಮೈಸೂರು ವಿಭಾಗಕ್ಕೆ ಕಳುಹಿಸಲಿ.