ಮನವಿ ಪತ್ರ: ರಾತ್ರಿ ವೇಳೆ ವೈರು ಸುಟ್ಟು ತಾಮ್ರ ತೆಗೆಯುವುದನ್ನು ನಿಲ್ಲಿಸುವಂತೆ ಕೋರಿ

ಇವರಿಗೆ:
ಮಾನ್ಯ ಸದಸ್ಯ ಕಾರ್ಯದರ್ಶಿಯವರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು

ಇವರಿಂದ:
ನಿವಾಸಿಗಳ ಸಂಘ, ಮೈಸೂರು ರಸ್ತೆ, ವೃಷಭಾವತಿ ಕಣಿವೆ ಅಂಚು, ಬೆಂಗಳೂರು

ವಿಷಯ: ಗುಜರಿ ಗೋದಾಮುಗಳ ಹಿಂಬದಿಯಲ್ಲಿ ಹಳೆಯ ವೈರು, ಕೇಬಲ್ಲುಗಳನ್ನು ಸುಡುವುದರಿಂದ ಆಗುತ್ತಿರುವ ವಾಯುಮಾಲಿನ್ಯದ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ನಾವು ಈ ಹಿಂದೆ ಸಲ್ಲಿಸಿದ ಮನವಿಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ಬಡಾವಣೆಗೂ ವೃಷಭಾವತಿ ನದಿಗೂ ನಡುವಿನ ಖಾಲಿ ಜಾಗದಲ್ಲಿ ಹಳೆಯ ವೈರುಗಳನ್ನು ರಾಶಿ ಹಾಕಿ, ಮೇಲಿನ ಪ್ಲಾಸ್ಟಿಕ್ ಸುಟ್ಟು, ಒಳಗಿನ ತಾಮ್ರ ತೆಗೆಯಲಾಗುತ್ತಿದೆ. ಹಿಂದೆ ಅಪರೂಪಕ್ಕೆ ಕಾಣುತ್ತಿದ್ದ ಈ ಬೆಂಕಿ ಈಗ ಬಹುತೇಕ ಪ್ರತಿ ರಾತ್ರಿಯ ಕಸುಬಾಗಿದೆ. ಊರು ಮಲಗಿದ ಮೇಲೆ ಹಚ್ಚುತ್ತಾರೆ. ಬೆಳಕು ಹರಿಯುವ ಮೊದಲು ಬೂದಿಯನ್ನು ಕಾಲುವೆಗೆ ತಳ್ಳುತ್ತಾರೆ. ದಿನಾಂಕ ಮತ್ತು ಸಮಯ ನಮೂದಾಗಿರುವ ಛಾಯಾಚಿತ್ರಗಳು, ವಿಡಿಯೋ ದಾಖಲೆ ಅನುಬಂಧ 1ರಲ್ಲಿವೆ. ಉಬ್ಬಸದಿಂದ ಬಳಲುತ್ತಿರುವ ಮಕ್ಕಳು ಮತ್ತು ಹಿರಿಯರ ವೈದ್ಯಕೀಯ ಪ್ರಮಾಣಪತ್ರಗಳು ಅನುಬಂಧ 2ರಲ್ಲಿವೆ.

ಈ ಬಗ್ಗೆ ನಾವು ಅಲೆಯದ ಕಚೇರಿಯಿಲ್ಲ. ಒಂದು ಕಚೇರಿ ಇದು ಕಸದ ವಿಷಯವೆಂದಿತು, ಇನ್ನೊಂದು ಇದು ಹೊಗೆಯ ವಿಷಯವೆಂದಿತು. ಕೊನೆಗೆ ನಮ್ಮ ಕೈಗೆ ಬಂದದ್ದು ‘ಸ್ಥಳ ತನಿಖೆ ವೇಳೆ ಬೆಂಕಿ ಕಂಡುಬಂದಿರುವುದಿಲ್ಲ’ ಎಂಬ ಹಿಂಬರಹ. ತನಿಖೆ ನಡೆದದ್ದು ಮಧ್ಯಾಹ್ನ. ರಾತ್ರಿ ಉರಿಯುವ ಬೆಂಕಿಯನ್ನು ಮಧ್ಯಾಹ್ನ ಹುಡುಕಿ ಕಡತ ಮುಚ್ಚಿರುವುದು ನಮಗೆ ಅತೀವ ನೋವು ತಂದಿದೆ. ಸ್ವೀಕೃತಿ ಪ್ರತಿಗಳು ಹಾಗೂ ಹಿಂಬರಹದ ನಕಲು ಅನುಬಂಧ 3ರಲ್ಲಿವೆ.

ಇದು ಒಲೆಯ ಹೊಗೆಯಲ್ಲ, ಎಲೆ ಸುಟ್ಟ ಹೊಗೆಯೂ ಅಲ್ಲ. ವೈರಿನ ಹೊದಿಕೆ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್. ಸುಟ್ಟಾಗ ಅದರ ಬಹುಭಾಗ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ಕಣ್ಣು, ಗಂಟಲಿನ ತೇವಕ್ಕೆ ತಾಗಿದೊಡನೆ ಆಮ್ಲವಾಗಿ ಉರಿಸುತ್ತದೆ. ಅರೆಬರೆ ಉರಿಯುವ ಇಂಥ ರಾಶಿಯಲ್ಲಿ ಉಳಿದ ಕ್ಲೋರಿನ್‌ನ ಅಲ್ಪ ಭಾಗ ಇಂಗಾಲದೊಡನೆ ಸೇರಿ ಡಯಾಕ್ಸಿನ್ ಮತ್ತು ಫ್ಯೂರಾನ್‌ಗಳಾಗುತ್ತದೆ. ಆ ಕ್ರಿಯೆಗೆ ವೇಗವರ್ಧಕವಾಗುವುದು ತಾಮ್ರವೇ. ಆದ್ದರಿಂದಲೇ ಸ್ಟಾಕ್‌ಹೋಮ್ ಒಪ್ಪಂದದ ‘ಸಿ’ ಅನುಬಂಧ ತಾಮ್ರದ ಕೇಬಲ್ ಸುಡುವುದನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಭಾರತ ಆ ಒಪ್ಪಂದವನ್ನು 2006ರಲ್ಲಿ ಅನುಮೋದಿಸಿದೆ. ಡಯಾಕ್ಸಿನ್‌ಗಳ ಪೈಕಿ ಅತಿ ವಿಷಕಾರಿಯಾದ ಟಿಸಿಡಿಡಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಡಯಾಕ್ಸಿನ್ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ಮೇಯ್ದ ಹಸುವಿನ ಹಾಲಿನ ಕೊಬ್ಬಿನಲ್ಲಿ ಸೇರುತ್ತದೆ. ವೃಷಭಾವತಿಯ ದಂಡೆಯಲ್ಲಿ ದನಗಳು ಮೇಯುತ್ತವೆ. ಆ ಹಾಲು ನಮ್ಮ ಮನೆಗಳಿಗೇ ಬರುತ್ತದೆ. ಸಾಲದ್ದಕ್ಕೆ, ಹಳೆಯ ಕೇಬಲ್ಲುಗಳ ಹೊದಿಕೆಗೆ ಸೀಸದ ಸಂಯುಕ್ತಗಳನ್ನೂ ಬೆರೆಸಲಾಗುತ್ತಿತ್ತು.

ನಮ್ಮ ಜಾಗವೂ ನಮಗೆ ಮುಳುವಾಗಿದೆ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಕಣಿವೆಗೆ ಇಳಿಯುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಿಕೊಳ್ಳುತ್ತದೆ, ಹೊಗೆ ಮೇಲೇರದೆ ತಗ್ಗಿನಲ್ಲೇ ನಿಲ್ಲುತ್ತದೆ. ತಂಪು, ತೇವದ ಗಾಳಿಯಲ್ಲಿ ಹೈಡ್ರೋಜನ್ ಕ್ಲೋರೈಡ್ ಅಮೋನಿಯಾದೊಡನೆ ಕೂಡಿದರೆ ಅಮೋನಿಯಂ ಕ್ಲೋರೈಡಿನ ಸೂಕ್ಷ್ಮ ಕಣಗಳಾಗುತ್ತವೆ. ನೀರು ಹೀರಿ ಉಬ್ಬುವ ಈ ಕಣಗಳು ದೆಹಲಿಯ ಚಳಿಗಾಲದ ಮಬ್ಬನ್ನು ದಟ್ಟಗೊಳಿಸುತ್ತವೆಂದು ಐಐಟಿ ಮದ್ರಾಸ್ ನೇತೃತ್ವದ ಅಧ್ಯಯನ 2021ರಲ್ಲಿ ತೋರಿಸಿದೆ. ಕೊಳಚೆ ತುಂಬಿದ ವೃಷಭಾವತಿಯ ಪಕ್ಕದಲ್ಲಿ ಅಮೋನಿಯಾಕ್ಕೇನು ಕೊರತೆ?

ನಗರದ ಮಾಪನ ಕೇಂದ್ರಗಳ ಅಂಕಿಗಳು ಮಿತಿಯೊಳಗಿವೆ ಎಂಬ ಸಮಾಧಾನವನ್ನೂ ನಮಗೆ ಹೇಳಲಾಗಿದೆ. ಆದರೆ 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಡಯಾಕ್ಸಿನ್ ಇಲ್ಲ, ಹೈಡ್ರೋಜನ್ ಕ್ಲೋರೈಡೂ ಇಲ್ಲ. ಪಿಎಂ 2.5ಕ್ಕೆ 24 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಉದಾಹರಣೆಗೆ ಲೆಕ್ಕ ಹಾಕೋಣ: 3 ಗಂಟೆ ಕಾಲ 300, ಉಳಿದ 21 ಗಂಟೆ 20 ಇದ್ದರೆ ದಿನದ ಸರಾಸರಿ 55. ಕಾಗದದಲ್ಲಿ ಗಾಳಿ ಶುದ್ಧ. ಆ 3 ಗಂಟೆ ಉಸಿರಾಡಿದ ಮಗುವಿಗೆ ಸರಾಸರಿಯಿಂದ ಏನು ಪ್ರಯೋಜನ?

1981ರ ವಾಯು ಕಾಯ್ದೆಯ 19(5), 21 ಮತ್ತು 31ಎ ಕಲಮುಗಳನ್ನು ತಮಗೆ ವಿವರಿಸಬೇಕಾಗಿಲ್ಲ. ಬಯಲಿನಲ್ಲಿ ತ್ಯಾಜ್ಯ ಸುಟ್ಟರೆ 5,000 ರೂ., ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ವಸೂಲಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 22-12-2016ರಂದು ನೀಡಿದ ಆದೇಶವೂ ತಮ್ಮ ಕಡತದಲ್ಲಿದೆ. ಅಧಿಕಾರಕ್ಕೆ ಕೊರತೆಯಿಲ್ಲ. ಅದನ್ನು ಬಳಸಿ ಎಂದಷ್ಟೇ ನಾವು ಕೇಳುತ್ತಿರುವುದು.

ನಮ್ಮ ಬೇಡಿಕೆಗಳು:

1. ರಾತ್ರಿ 10ರಿಂದ ಬೆಳಿಗ್ಗೆ 5ರ ನಡುವೆ, ಮುನ್ಸೂಚನೆಯಿಲ್ಲದೆ, ಸಂಘದ ಪ್ರತಿನಿಧಿಗಳ ಸಮಕ್ಷಮ ಸ್ಥಳ ತನಿಖೆ ಮಾಡಿ ಮಹಜರು ಬರೆಯಬೇಕು. ಬೂದಿ, ಮಣ್ಣು ಹಾಗೂ ಆ ದಂಡೆಯಲ್ಲಿ ಮೇಯುವ ಹಸುಗಳ ಹಾಲಿನ ಮಾದರಿಗಳನ್ನು ಡಯಾಕ್ಸಿನ್ ಮತ್ತು ಸೀಸದ ಪರೀಕ್ಷೆಗೆ ಕಳುಹಿಸಿ, ವರದಿಯ ಪ್ರತಿಯನ್ನು ನಮಗೆ ನೀಡಬೇಕು.

2. ಬೆಂಕಿ ಹಚ್ಚುವ ಕೂಲಿ ಹುಡುಗರನ್ನು ಹಿಡಿದು ಕೈತೊಳೆದುಕೊಳ್ಳಬಾರದು. ಆ ಹೊಗೆಯನ್ನು ಮೊದಲು ಕುಡಿಯುವವರು ಅವರೇ. ಸುಟ್ಟ ತಾಮ್ರ ಕಪ್ಪಾಗಿರುತ್ತದೆ, ನೋಡಿದೊಡನೆ ತಿಳಿಯುತ್ತದೆ. ಅದನ್ನು ಕೊಳ್ಳುವ ಗೋದಾಮು ಮಾಲೀಕರನ್ನು ಮತ್ತು ಜಾಗದ ಒಡೆಯರನ್ನು ಹೊಣೆ ಮಾಡಿ, 31ಎ ಅಡಿ ವಿದ್ಯುತ್ ಸಂಪರ್ಕ ಕಡಿತಕ್ಕೆ ನಿರ್ದೇಶನ ನೀಡಬೇಕು.

3. ಹೊದಿಕೆ ಸುಲಿಯುವ ಯಂತ್ರಗಳನ್ನು ಸಹಾಯಧನದಲ್ಲಿ ಒದಗಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಸುಲಿದ ತಾಮ್ರಕ್ಕೆ ಸುಟ್ಟ ತಾಮ್ರಕ್ಕಿಂತ ಹೆಚ್ಚು ಬೆಲೆಯಿದೆ. ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯದೆಯೂ ಬೆಂಕಿ ಆರಿಸಬಹುದು.

4. ಗಂಟೆಗಂಟೆಯ ಅಂಕಿ ಸಾರ್ವಜನಿಕರಿಗೆ ಕಾಣುವಂಥ ಮಾಪನ ಯಂತ್ರವನ್ನು ಬಡಾವಣೆಯಲ್ಲಿ ಅಳವಡಿಸಬೇಕು.







ಮಾನ್ಯರೇ, ಬೆಂಗಳೂರು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳಲ್ಲಿ ಒಂದು. ಇಡೀ ನಗರದ ವಾಹನಗಳ ಹೊಗೆಯನ್ನು ಒಂದೇ ದಿನದಲ್ಲಿ ತಗ್ಗಿಸಿ ಎಂದು ನಾವು ಕೇಳುತ್ತಿಲ್ಲ. ಈ ಬೆಂಕಿಗೆ ಜಾಗವಿದೆ, ಹೊತ್ತಿದೆ, ಕೊಳ್ಳುವವರಿದ್ದಾರೆ. ಮನಸ್ಸು ಮಾಡಿದರೆ ಒಂದು ವಾರದಲ್ಲಿ ನಿಲ್ಲಿಸಬಹುದು. ಈ ಮನವಿ ತಲುಪಿದ 30 ದಿನಗಳೊಳಗೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ. ತಪ್ಪಿದಲ್ಲಿ ಇದೇ ಅನುಬಂಧಗಳೊಂದಿಗೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮೊರೆ ಹೋಗುವುದು ನಮಗೆ ಅನಿವಾರ್ಯವಾಗುತ್ತದೆ.



ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಸಮಸ್ತ ಸದಸ್ಯರು